ಹಬ್ಬಕ್ಕೆ ಮಾತ್ರ ಬರುವವರು



ಕ್ರಿಸ್ತಜಯಂತಿಯ ರಾತ್ರಿ ನಮ್ಮ ದೇವಾಲಯಗಳು ಕಿಕ್ಕಿರಿದು ತುಂಬುತ್ತವೆ. ಭಾನುವಾರಗಳಲ್ಲಿ ಕಾಣದ ಎಷ್ಟೋ ಮುಖಗಳು ಅಂದು ಹಿಂದಿನ ಬಾಗಿಲ ಬಳಿ, ಅಂಗಳದ ಅರೆಗತ್ತಲಲ್ಲಿ ಕಾಣಿಸುತ್ತವೆ. ಆಗ ಗುರುಗಳ ಮನಸ್ಸಿನಲ್ಲೂ, ತಪ್ಪದೆ ಬರುವ ವಿಶ್ವಾಸಿಗಳ ಮನಸ್ಸಿನಲ್ಲೂ ಒಂದು ಪ್ರಶ್ನೆ ಏಳುತ್ತದೆ: 'ಇಷ್ಟು ದಿನ ಇವರೆಲ್ಲ ಎಲ್ಲಿದ್ದರು?' ಪ್ರಶ್ನೆ ಸಹಜವೇ. ಆದರೆ ಬಂದವರನ್ನು ನಾವು ಮೊದಲು ಕೇಳಬೇಕಾದ ಮಾತು ಅದೇ ಏನು?

ಭಾನುವಾರದ ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದು ಕಥೋಲಿಕರ ಕರ್ತವ್ಯ. 1983ರ ಧರ್ಮಸಭೆಯ ಕಾನೂನು ಸಂಹಿತೆ ಇದನ್ನು ಸ್ಪಷ್ಟವಾಗಿ ವಿಧಿಸುತ್ತದೆ. ಇದನ್ನು ಬೋಧಿಸದೆ, ಹಬ್ಬಕ್ಕೆ ಬಂದರೆ ಸಾಕು ಎಂದು ಸುಮ್ಮನಾಗುವುದು ಸ್ವಾಗತವಲ್ಲ, ಉದಾಸೀನ. ಬೋಧನೆ ಬೇಕೇ ಬೇಕು. ಆದರೆ ಬೋಧನೆ ಮೊದಲೋ, ಸ್ವಾಗತ ಮೊದಲೋ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ಮಂಚಿಕೇರಿಯ ಸುತ್ತಲಿನ ಬದುಕನ್ನೇ ನೋಡಿ. ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ. ಸಿದ್ದಿ ಬಾಂಧವರೂ ಸೇರಿದಂತೆ ನಮ್ಮ ಅನೇಕ ಕ್ರೈಸ್ತ ಕುಟುಂಬಗಳು ಕೂಲಿಯನ್ನೇ ನಂಬಿವೆ. ಅಡಿಕೆಯ ಕೊನೆಕೊಯ್ಲು ಭಾನುವಾರವೆಂದು ನಿಲ್ಲುವುದಿಲ್ಲ. ಗೋವಾ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ದುಡಿಯುವ ಯುವಕರು ಊರು ಕಾಣುವುದೇ ಹಬ್ಬಕ್ಕೆ. ಇನ್ನು ಕೆಲವರನ್ನು ತಡೆದಿರುವುದು ದಾರಿಯಲ್ಲ, ನಾಚಿಕೆ: ದೇವಾಲಯದಲ್ಲಿ ನಡೆಯದ ಮದುವೆ, ಬಿಡಲಾಗದ ಕುಡಿತ, ಎಂದೋ ಯಾರೋ ಆಡಿದ ಕಟುಮಾತು. ಬರೀ ಸೋಮಾರಿತನವೂ ಇದ್ದೀತು. ಹೊರಗಿನಿಂದ ನೋಡುವ ನಮಗೆ ಇವರೆಲ್ಲ ಒಂದೇ, 'ಬಾರದವರು'. ಅವರವರ ಕಾರಣವನ್ನು ಬಲ್ಲವನು ದೇವರೊಬ್ಬನೇ. ಕಾರಣ ತಿಳಿಯದೆ ತೀರ್ಪು ಕೊಡುವುದು ನ್ಯಾಯವಲ್ಲ.

ಆದರೆ ವರ್ಷವಿಡೀ ತಪ್ಪದೆ ಬಂದವರಿಗೂ, ಒಂದು ರಾತ್ರಿ ಬಂದವರಿಗೂ ಒಂದೇ ಮರ್ಯಾದೆಯೇ? ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಹಿರಿಯ ಮಗ ಕೇಳಿದ್ದೂ ಇದನ್ನೇ. ಅವನು ದುಡಿದದ್ದು ಸುಳ್ಳಲ್ಲ. ತಂದೆ ಅದನ್ನು ಅಲ್ಲಗಳೆಯಲೂ ಇಲ್ಲ. ತಮ್ಮನಿಗೆ ಔತಣವಾದರೆ ಅಣ್ಣನ ಪಾಲು ಕಡಿಮೆಯಾಗಲೂ ಇಲ್ಲ. ಮನೆಯನ್ನು ಕೂಲಿಯ ಜಾಗವೆಂದು ಎಣಿಸಿದ್ದೇ ಅವನ ತೊಡಕು. ಕಿರಿಯವನಾದರೋ ತಪ್ಪೊಪ್ಪಿಗೆಯ ಮಾತನ್ನು ದಾರಿಯಲ್ಲೇ ಸಿದ್ಧಮಾಡಿಕೊಂಡು ಬಂದಿದ್ದ. ಅದನ್ನು ಅವನು ಹೇಳಿದ್ದು ತಂದೆಯ ಅಪ್ಪುಗೆಯಾದ ಮೇಲೆ. ಬೆತ್ಲೆಹೇಮಿನ ಗೋದಲಿಗೆ ಮೊದಲು ಬಂದವರು ಕೂಡ ಬಯಲಲ್ಲಿ ಮಂದೆ ಕಾಯುತ್ತಿದ್ದ ಕುರುಬರು. ಅವರ ಹಾಜರಿಯನ್ನು ಯಾರೂ ಕೇಳಲಿಲ್ಲ.

ನಮ್ಮ ಮಲೆನಾಡಿನ ಮನೆಗಳಿಗೂ ಈ ಕ್ರಮ ಹೊಸದಲ್ಲ. ಬಂದವರಿಗೆ ಮೊದಲು ಕೈಕಾಲು ತೊಳೆಯಲು ನೀರು, ಕುಡಿಯಲು ಆಸರಿಗೆ. ಬಂದ ಕಾರಣದ ಮಾತು ಆಮೇಲೆ. ಸಂತ ಬೆನೆಡಿಕ್ಟರು 6ನೆಯ ಶತಮಾನದಲ್ಲಿ ತಮ್ಮ ಮಠಗಳಿಗೆ ಬರೆದ ನಿಯಮದಲ್ಲಿ, ಬಂದ ಅತಿಥಿಯನ್ನು ಕ್ರಿಸ್ತರೆಂದೇ ಬಗೆದು ಬರಮಾಡಿಕೊಳ್ಳಲು ವಿಧಿಸಿದರು. ಧರ್ಮಸಭೆ ತಂದೆಯ ಮನೆಯಾಗಿ ಬಾಗಿಲು ತೆರೆದಿರಬೇಕೆಂದು ಜಗದ್ಗುರು ಫ್ರಾನ್ಸಿಸರು 2013ರ ತಮ್ಮ ಪ್ರೇಷಿತ ಉದ್ಬೋಧನೆಯಲ್ಲಿ ಕೇಳಿಕೊಂಡರು.

ಹಾಗಾದರೆ ಗುರುಗಳಾದ ನಾವು ಮಾಡಬೇಕಾದುದೇನು? ಪೂಜೆಗೆ ಮುಂಚೆ ಬಾಗಿಲಲ್ಲಿ ನಿಂತು ಬಂದವರ ಹೆಸರು ಕೇಳೋಣ. ಪ್ರಬೋಧನೆಯಲ್ಲಿ ಚುಚ್ಚುಮಾತು ಬೇಡ. ವಂತಿಗೆಯ ಬಾಕಿಯ ಪ್ರಸ್ತಾಪವೂ ಬೇಡ. ಪರಮಪ್ರಸಾದ ಸ್ವೀಕರಿಸಲು ಸಿದ್ಧತೆ ಬೇಕೆಂಬುದನ್ನು ಹೇಳಲೇಬೇಕು. ಆದರೆ ಎಲ್ಲರಿಗೂ ಹೇಳೋಣ, ಹಿಂದೆ ನಿಂತವರನ್ನು ದಿಟ್ಟಿಸಿ ಹೇಳುವುದು ಬೇಡ. ಹಬ್ಬದ ಹಿಂದಿನ ದಿನಗಳಲ್ಲಿ ಪಾಪನಿವೇದನೆಗೆ ಹೆಚ್ಚು ಹೊತ್ತು ಕುಳಿತಿರೋಣ. ಜನವರಿಯಲ್ಲಿ ಅವರ ಮನೆಗೆ ನಾವೇ ಹೋಗೋಣ. ಭಾನುವಾರದ ಕರ್ತವ್ಯದ ಮಾತಿಗೆ ಅವರ ಜಗಲಿಯೇ ತಕ್ಕ ಸ್ಥಳ. ಅಲ್ಲಿ ಅವರ ಕಷ್ಟವನ್ನೂ ನಾವು ಕೇಳಬೇಕಾಗುತ್ತದೆ.

ಉಳಿದದ್ದು, ಪ್ರಿಯ ಕುಟುಂಬಗಳೇ, ನಿಮ್ಮ ಕೈಯಲ್ಲಿದೆ. ಗುರುಗಳ ಸ್ವಾಗತ ಬಾಗಿಲವರೆಗೆ. ಒಳಗೆ ಬಂದವರಿಗೆ ಪಕ್ಕದಲ್ಲಿ ಕುಳಿತವರೇ ಧರ್ಮಸಭೆ. ಈ ಹಬ್ಬದ ರಾತ್ರಿ ಸ್ವಲ್ಪ ಸರಿದು ಕುಳಿತು ಒಬ್ಬರಿಗೆ ಜಾಗ ಮಾಡಿಕೊಡಿ. ಹಾಡಿನ ಪುಸ್ತಕವನ್ನು ಹಂಚಿಕೊಳ್ಳಿ. ಛತ್ರದಲ್ಲಿ ಸ್ಥಳ ಸಿಗದೆ ಗೋದಲಿಯಲ್ಲಿ ಮಲಗಿದ ಬಾಲಯೇಸು ಆ ಜಾಗವನ್ನು ತನಗೇ ಕೊಟ್ಟರೆಂದು ತಿಳಿಯಲಿ.