ಕಡತದ ಮೇಲಿನ ಬಾಜಿ

ಬಾಜಿ ಕಟ್ಟುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಿಂದ ಸುಮಲತಾ ಅಂಬರೀಶ್ ಮತ್ತು ನಿಖಿಲ್ ಕುಮಾರಸ್ವಾಮಿ ನಿಂತಾಗ, ಮತದಾನದ ಏಪ್ರಿಲ್ 18ರಿಂದ ಎಣಿಕೆಯ ಮೇ 23ರವರೆಗೆ ಮದ್ದೂರು, ಮಳವಳ್ಳಿಯ ಟೀ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಹಣ, ಕುರಿ, ಕೊನೆಗೆ ಜಮೀನನ್ನೂ ಪಣಕ್ಕಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಜೂಜು ಅಪರಾಧವೆಂದು 1963ರ ಕರ್ನಾಟಕ ಪೊಲೀಸ್ ಕಾಯಿದೆ ಹೇಳುತ್ತದೆ. ಸೋತವನ ಹೆಂಡತಿಯ ಕಿವಿಯ ಓಲೆ ಅಡವಿಗೆ ಹೋಗುತ್ತದೆಂಬುದೂ ನಮಗೆ ಗೊತ್ತು. ಆದರೂ ಒಂದು ಮಾತು ಒಪ್ಪಬೇಕು. ಚುನಾವಣೆಗೆ ನಿಂತವರು ತಾವಾಗಿಯೇ ಕಣಕ್ಕೆ ಇಳಿದವರು. ನಾಲ್ಕು ಜನ ತಮ್ಮ ಸೋಲುಗೆಲುವಿನ ಲೆಕ್ಕ ಹಾಕುತ್ತಾರೆಂದು ತಿಳಿದೇ ಇಳಿದವರು.

ಈಚೆಗೆ ಬೇರೆ ಬಗೆಯ ಬಾಜಿಯೊಂದರ ವಿಷಯ ಓದಿ ಮನಸ್ಸು ಕದಡಿತು. ಅಮೆರಿಕದ ಶ್ರೀಮಂತ ಜೆಫ್ರಿ ಎಪ್‌ಸ್ಟೀನ್ ಎಳೆಯ ಹುಡುಗಿಯರನ್ನು ಹಾಳುಗೆಡವಿದ ಆರೋಪ ಹೊತ್ತು 2019ರ ಆಗಸ್ಟ್‌ನಲ್ಲಿ ಜೈಲಿನಲ್ಲೇ ಸತ್ತ. ಆ ತನಿಖೆಯ ಕಡತಗಳನ್ನು 30 ದಿನದೊಳಗೆ ಬಹಿರಂಗ ಮಾಡಬೇಕೆಂಬ ಕಾನೂನಿಗೆ 2025ರ ನವೆಂಬರ್ 19ರಂದು ಅಲ್ಲಿನ ಅಧ್ಯಕ್ಷರ ಸಹಿ ಬಿತ್ತು. ಅಷ್ಟರಲ್ಲಾಗಲೇ ಪಾಲಿಮಾರ್ಕೆಟ್‌ನಂಥ ತಾಣಗಳಲ್ಲಿ, ಸರ್ಕಾರ ಕಡತ ಬಿಚ್ಚುತ್ತದೆಯೇ, ಯಾವಾಗ, ಅದರಲ್ಲಿ ಯಾರ ಹೆಸರಿರುತ್ತದೆ ಎಂದು ಜನ ಹಣ ಕಟ್ಟುತ್ತಿದ್ದರು.

ಲೆಕ್ಕ ಸುಲಭ. 'ಆಗುತ್ತದೆ' ಎನ್ನುವ ಚೀಟಿ 30 ಸೆಂಟಿಗೆ ಸಿಕ್ಕಿದರೆ, ಆಗುವ ಸಾಧ್ಯತೆ ನೂರಕ್ಕೆ ಮೂವತ್ತು ಎಂದು ಕಟ್ಟುವವರು ನಂಬಿದ್ದಾರೆ ಎಂದರ್ಥ. ಆದರೆ ಚೀಟಿಗೆ ಒಂದು ಡಾಲರ್, ಆಗದಿದ್ದರೆ ಸೊನ್ನೆ. ನಮ್ಮಲ್ಲೂ ಪ್ರೋಬೋ ಎಂಬ ಆ್ಯಪ್ ಇದೇ ರೀತಿ ನಡೆಯುತ್ತಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯಿದೆಯಿಂದ ಅದರ ಹಣದಾಟ ನಿಂತಿತು. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ, ಇದು ಸರಿಯೋ ತಪ್ಪೋ ಎಂಬ ಪ್ರಶ್ನೆ ಮುಗಿಯುವುದಿಲ್ಲ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಅದರ ಪರವಾಗಿಯೇ ವಾದಿಸಿದ. "ದೊಡ್ಡಮ್ಮ, ದುಡ್ಡು ಕಟ್ಟೋರು ಕಡತ ಮುಟ್ಟೋದಿಲ್ಲ. ಬಾಯಿಮಾತಾದ್ರೆ ಯಾರು ಏನು ಬೇಕಾದ್ರೂ ಹೇಳ್ತಾರೆ. ಗಂಟು ಹೋಗುತ್ತೆ ಅಂದ್ರೆ ಯೋಚನೆ ಮಾಡಿ ಹೇಳ್ತಾರೆ. ಅದಕ್ಕೇ ಆ ಬೆಲೆ ಮಂತ್ರಿಗಳ ಹೇಳಿಕೆಗಿಂತ ನಿಜಕ್ಕೆ ಹತ್ತಿರ ಇರುತ್ತೆ."

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ನಿಜ ಮೊದಲು ಗೊತ್ತಾಗುವುದು ಯಾರಿಗೆ? ಕಡತ ಟೈಪು ಮಾಡುವವರಿಗೆ, ಬೀರುವಿನ ಬೀಗದ ಕೈ ಇಟ್ಟುಕೊಂಡವರಿಗೆ. ಮುಚ್ಚಿದ್ದಕ್ಕೆ ಹೊರಗೆ ಬೆಲೆ ಕಟ್ಟಿದರೆ ಏನಾಗುತ್ತದೆಂದು ನಾವು ಮೇಷ್ಟ್ರುಗಳು ಕಂಡಿದ್ದೇವೆ. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಒಮ್ಮೆಯಲ್ಲ, ಎರಡು ಸಲ ಸೋರಿಹೋಯಿತು. ಅದೂ ಎಲ್ಲರೂ ಗಂಟೆ ಹೊಡೆದ ಮೇಲೆ ನೋಡಲಿದ್ದ ಕಾಗದವೇ. ಗಂಟೆಗೆ ಮುಂಚೆ ನೋಡುವುದಕ್ಕೆ ಹಣ ಕೊಡುವವರಿದ್ದರು, ಅಷ್ಟೆ.

ತನಿಖೆಯ ಕಡತ ಪ್ರಶ್ನೆಪತ್ರಿಕೆಗಿಂತ ಸೂಕ್ಷ್ಮ. ಅದರಲ್ಲಿರುವುದು ಬದುಕಿರುವವರ ಮಾತು. ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲವನ್ನು 2023ರಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ತನಿಖೆ ಸಿಐಡಿಗೆ ಹೋಯಿತು. ಸುದ್ದಿ ಬಂದಾಗ ಬೆಲ್ಲದ ಗಾಣದ ಹಿಂದೆ ಇಂಥದ್ದೂ ನಡೆಯಿತೇ ಎಂದು ಹೊಟ್ಟೆ ಉರಿದವರೇ, ಮರುಕ್ಷಣ 'ಅಲ್ಲಿಗೆ ಹೋದೋರು ಯಾರಂತೆ, ಯಾರ ಸೊಸೆಯಂತೆ' ಎಂದು ಕೇಳಿದ್ದುಂಟು. ವೈದ್ಯರ, ದಲ್ಲಾಳಿಗಳ, ಕಣ್ಣು ಮುಚ್ಚಿಕೊಂಡ ಅಧಿಕಾರಿಗಳ ವಿಷಯ ಜನಕ್ಕೆ ತಿಳಿಯಲೇಬೇಕು. ಆದರೆ ಆ ಹೆಂಗಸರು? ಗರ್ಭಿಣಿಯನ್ನು ಗಂಡನೋ ಮನೆಯವರೋ ಬಲವಂತ ಮಾಡಿದ್ದಾರೆಂದೇ, ಬೇರೆ ರುಜುವಾತಾಗುವ ತನಕ, ನ್ಯಾಯಾಲಯ ಭಾವಿಸಬೇಕೆಂದು 1994ರ ಲಿಂಗಪತ್ತೆ ನಿಷೇಧ ಕಾಯಿದೆಯ 24ನೇ ಕಲಮು ಹೇಳುತ್ತದೆ. ಕಾನೂನಿಗಿರುವಷ್ಟು ಕರುಣೆ ನಮ್ಮ ಕುತೂಹಲಕ್ಕಿಲ್ಲ. ಇನ್ನು ಆ ಕುತೂಹಲದ ಮೇಲೆ ನೂರು ರೂಪಾಯಿ ಕಟ್ಟಿದರೆ?

ತಿಳಿಯಬೇಕು ಎನ್ನುವುದು ಬೇರೆ, ಗೆಲ್ಲಬೇಕು ಎನ್ನುವುದು ಬೇರೆ. ತಿಳಿಯಬಯಸುವವಳು, ಇಷ್ಟು ಸಾಕು, ಆಕೆಯ ಹೆಸರು ಬೇಡ ಎನ್ನಬಲ್ಲಳು. ಹಣ ಕಟ್ಟಿದವನಿಗೆ 'ಸಾಕು' ಎಂಬುದಿಲ್ಲ. ಕಡತ ಬಿಚ್ಚಬೇಕು, ಇಲ್ಲವೇ ಮುಚ್ಚಬೇಕು; ಎರಡರಲ್ಲಿ ಒಂದು. 2026ರ ಜನವರಿಯ ಕೊನೆಯಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಪುಟ ಹೊರಬಂದಾಗ, ನೊಂದ ಕೆಲವು ಹೆಂಗಸರ ಹೆಸರನ್ನು ಮರೆಮಾಡದೆಯೇ ಬಿಟ್ಟಿದ್ದರು. ಬಾಜಿಯ ಲೆಕ್ಕದಲ್ಲಿ ಅದರಿಂದ ಒಂದು ಪೈಸೆಯೂ ಹೆಚ್ಚುಕಡಿಮೆಯಾಗದು.

ಧರ್ಮರಾಯ ಪಗಡೆಗೆ ಕುಳಿತಾಗ ದ್ರೌಪದಿ ಆಟದಲ್ಲಿ ಇರಲೇ ಇಲ್ಲ. ಆಕೆ ಒಳಗಿದ್ದಳು, ಹೊರಗೆ ಆಕೆಯನ್ನು ಪಣಕ್ಕಿಟ್ಟಾಗಿತ್ತು. ತನ್ನನ್ನೇ ಸೋತವನಿಗೆ ನನ್ನ ಮೇಲೆ ಯಾವ ಹಕ್ಕು ಎಂಬ ಆಕೆಯ ಪ್ರಶ್ನೆಗೆ ಸಭೆಯ ಹಿರಿಯರು ತಲೆ ತಗ್ಗಿಸಿದರು. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ ಹುಡುಗಿಯೂ ಒಳಗಿರುವವಳೇ. ಆಟದಲ್ಲಿ ನೀನಿದ್ದೀಯಾ ಎಂದು ಅವಳನ್ನು ಯಾರೂ ಕೇಳಿಲ್ಲ.

ಹಾಗೆಂದು ಎಲ್ಲವನ್ನೂ ಮುಚ್ಚಿಡಿ ಎನ್ನುತ್ತಿಲ್ಲ. ಮುಚ್ಚಿಡುವುದರಿಂದ ಬಲವಂತರಿಗೇ ಲಾಭ. ಹೈಸ್ಕೂಲು ಟೀಚರಿಗೆ ಇದು ಪುಸ್ತಕದ ಪ್ರಶ್ನೆಯೂ ಅಲ್ಲ. ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ, "ಯಾರಿಗೂ ಹೇಳಬೇಡಿ ಮಿಸ್" ಎಂದು ಶುರು ಮಾಡುವುದುಂಟು. 2012ರ ಪೋಕ್ಸೋ ಕಾಯಿದೆಯಂತೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು. ಅದೇ ಕಾಯಿದೆ ಮಗುವಿನ ಗುರುತು ಪತ್ರಿಕೆಗಳಲ್ಲಿ ಬರಕೂಡದೆನ್ನುತ್ತದೆ. ಆದ್ದರಿಂದ ಯಾರಿಗೂ ಹೇಳುವುದಿಲ್ಲವೆಂದು ನಾನು ಆಣೆ ಇಡುವುದಿಲ್ಲ. "ಹೇಳಲೇಬೇಕಾದವರಿಗೆ ಮಾತ್ರ ಹೇಳ್ತೀನಮ್ಮ" ಎನ್ನುತ್ತೇನೆ. ಅವಳು ಒಂದು ಗಳಿಗೆ ನನ್ನ ಮುಖ ನೋಡುತ್ತಾಳೆ, ಆಮೇಲೆ ಹೇಳುತ್ತಾಳೆ. ಕೇಳಿಸಿಕೊಳ್ಳುವವರಿಗೆ ತನ್ನ ಮಾತಿನಿಂದ ಯಾವ ಲಾಭವೂ ಇಲ್ಲವೆಂಬ ಆ ನಂಬಿಕೆ ಹೋದರೆ, ನಾಳೆ ಬಿಚ್ಚಲು ಕಡತದಲ್ಲಿ ಮಾತೇ ಇರುವುದಿಲ್ಲ.