ಎಲೆಯ ಋಣ

ಕೆಲಸ ಮುಗಿದೊಡನೆ ಮರೆಯಲ್ಪಟ್ಟವನನ್ನು ಲೋಕವು ಸಾರಿನ ಕರಿಬೇವಿಗೆ ಹೋಲಿಸುವುದುಂಟು. ಒಗ್ಗರಣೆಗೆ ಬೇಕು, ಊಟದೆಲೆಯಲ್ಲಿ ಬೇಡ ಎಂಬುದೇ ಈ ಹೋಲಿಕೆಯ ತಾತ್ಪರ್ಯ. ಆದರೆ ಉಣ್ಣುವವನು ಅದನ್ನು ಎಲೆಯ ಅಂಚಿಗೆ ಸರಿಸಿದ ಮಾತ್ರಕ್ಕೆ ಕೃತಘ್ನನಾಗುವನೆ? ಅದರ ಪರಿಮಳವು ಆಗಲೇ ಸಾರಿನಲ್ಲಿ ಬೆರೆತು ಅವನ ಪಾಲಿಗೆ ಬಂದಿರುತ್ತದೆ. ಕೃತಜ್ಞತೆಯ ಪರೀಕ್ಷೆ ನಡೆಯತಕ್ಕದ್ದು ಹಿತ್ತಿಲಿನಲ್ಲಿ.

ಕರಿಬೇವು ಬಹಳ ಬೇಡುವ ಗಿಡವಲ್ಲ. ನೀರು ನಿಲ್ಲದ ನೆಲ, ಒಳ್ಳೆಯ ಬಿಸಿಲು, ಆಗಾಗ ಕೊಟ್ಟಿಗೆಗೊಬ್ಬರ, ಇಷ್ಟಿದ್ದರೆ ಸಾಕು. ಹಣ್ಣು ಕಪ್ಪಾದೊಡನೆ ತಿರುಳನ್ನು ತೊಳೆದು ಬೀಜವನ್ನು ಹಸಿಯಾಗಿಯೇ ಬಿತ್ತಬೇಕು. ಬಹುಕಾಲ ಒಣಗಿಸಿಟ್ಟ ಬೀಜವು ಮೊಳೆಯುವುದು ದುರ್ಲಭ. ಮೊದಲ 1 ವರ್ಷ ಎಳೆಯ ಸಸಿಯಿಂದ ಎಲೆ ಕೀಳದಿರುವುದೇ ಲೇಸು. ಎಲೆಯೇ ಸಸಿಯ ಅಡಿಗೆಮನೆ. ಅದನ್ನು ಬರಿದುಮಾಡಿ ನಮ್ಮ ಅಡಿಗೆಮನೆಯನ್ನು ತುಂಬಿಕೊಳ್ಳುವುದು ನ್ಯಾಯವೆ? ಬಲಿತ ಗಿಡದ ವಿಷಯ ಬೇರೆ. ಅದರ ಕುಡಿಯನ್ನು ಚಿವುಟಿದರೆ ಕೆಳಗಿನಿಂದ ಹೊಸ ಕವಲುಗಳೊಡೆಯುತ್ತವೆ. ಚಿವುಟದೆ ಬಿಟ್ಟರೆ ಬಡಕಲಾಗಿ ಮೇಲಕ್ಕೇರಿ ಕೈಗೆಟುಕದಂತಾಗುತ್ತದೆ. ಹೊತ್ತನ್ನೂ ಮಿತಿಯನ್ನೂ ಅರಿತು ತೆಗೆದುಕೊಂಡರೆ ತೆಗೆದುಕೊಳ್ಳುವುದೂ ಒಂದು ಬಗೆಯ ಪೋಷಣೆಯೇ ಸರಿ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಎಲೆಯ ಆಸೆಯಿಂದ ನೀರೆರೆಯುವುದು ವ್ಯಾಪಾರವಲ್ಲದೆ ಧರ್ಮ ಹೇಗಾದೀತು? ಆಕ್ಷೇಪವು ಸಾಧುವೇ. ಗಿಡದ ಹಿತವೂ ನಮ್ಮ ಹಿತವೂ ಒಂದೇ ಆಗಿರುವವರೆಗೆ ಧರ್ಮಲಾಭಗಳನ್ನು ಬೇರ್ಪಡಿಸಿ ತೋರಿಸುವುದು ಅಸಾಧ್ಯ. ಅವು ಬೇರೆಯಾಗುವ ಸಂದರ್ಭವನ್ನು ಪ್ರಕೃತಿಯೇ ಒದಗಿಸುತ್ತದೆ. ಕರಿಬೇವು ನಿಂಬೆ, ಬಿಲ್ವಗಳ ಕುಲಕ್ಕೆ ಸೇರಿದುದು. ನಿಂಬೆಯ ಗಿಡದಲ್ಲಿ ಮೊಟ್ಟೆಯಿಡುವ ಕೆಲವು ಚಿಟ್ಟೆಗಳು ಇದನ್ನೂ ಆಶ್ರಯಿಸುತ್ತವೆ. ಅವುಗಳ ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು, ಬಳಿಕ ಹಸುರು ತಳೆದು, ಸುಮಾರು 2–3 ವಾರ ಎಲೆಯನ್ನು ಮೇಯುತ್ತದೆ. ಎಳೆಯ ಸಸಿಯಲ್ಲಾದರೆ ಹುಳುವನ್ನೆತ್ತಿ ನಿಂಬೆಯ ಗಿಡಕ್ಕೆ ಬಿಡುವುದು ಯುಕ್ತ. ದೊಡ್ಡ ಗಿಡದಲ್ಲಿ ನಾಲ್ಕು ಗರಿ ಹೋದರೆ ಗಿಡಕ್ಕೆ ಹಾನಿಯಿಲ್ಲ, ನಷ್ಟವು ನಮಗೆ ಮಾತ್ರ. ಆ ನಷ್ಟವನ್ನು ಸಹಿಸುವಲ್ಲಿ ವ್ಯಾಪಾರವು ಮುಗಿದು ಧರ್ಮವು ಆರಂಭವಾಗುತ್ತದೆ.

ಹಂಚಿ ಉಳಿದುದನ್ನು ಉಣ್ಣಬೇಕೆಂಬ ಯಜ್ಞಶೇಷದ ವಿಧಿಗೆ ಹೋಮಕುಂಡವೇ ಬೇಕೆಂದಿಲ್ಲ. ಬೇರಿನಿಂದೆದ್ದ ಮರಿಸಸಿಯನ್ನು ನೆರೆಮನೆಗೆ ಕೊಡುವುದು, ಕೇಳಿಬಂದವರಿಗೆ ಒಂದು ಗರಿ ಮುರಿದುಕೊಡುವುದು, ಹುಳುವಿಗೆ ಅದರ ಪಾಲನ್ನು ಬಿಡುವುದು, ಇವುಗಳಿಂದಲೂ ಅದು ಸಲ್ಲುತ್ತದೆ. ಕರಿಬೇವನ್ನು ಅಂಚಿಗೆ ಸರಿಸಿ ಉಂಡೆದ್ದವನು ಗಿಡದ ಬುಡಕ್ಕೆ ಒಂದು ತಂಬಿಗೆ ನೀರೆರೆದರೆ ಋಣವು ತೀರಿತೆಂದಲ್ಲ. ಋಣವಿದೆಯೆಂದು ಅವನು ಬಲ್ಲನೆಂದಾಯಿತು.