ಬೇಸಿನ್ನಿನ ಹಿಂದಿನ ಸಂದು

ಮಣಿಪಾಲದಲ್ಲಿ ನಮ್ಮದೊಂದು ಫ್ಲ್ಯಾಟ್ ಉಂಟು. ಮಳೆಗಾಲ ಮುಗಿದ ಮೇಲೆ ಬಾಡಿಗೆಯವರು ಖಾಲಿ ಮಾಡಿದರು. ನೋಡಲು ಹೋದರೆ, ಬಾತ್‌ರೂಮಿನ ಬೇಸಿನ್ ಕ್ಯಾಬಿನೆಟ್ಟಿಗೂ ಗೋಡೆಗೂ ನಡುವೆ ಕಿರುಬೆರಳು ತೂರುವಷ್ಟು ಸಂದು. ಹಿಂದೊಮ್ಮೆ ನಾನೇ ತುಂಬಿಸಿದ್ದ ಬಿಳಿ ಸಿಮೆಂಟು ಬಿರುಕುಬಿಟ್ಟು ಉದುರಿತ್ತು. ಮೊಬೈಲ್ ಟಾರ್ಚ್ ಹಾಕಿದೆ. ಒಳಗೆ ಪ್ಲೈವುಡ್ ಉಬ್ಬಿ, ಕಪ್ಪಗೆ ಬೂಷ್ಟು ಹಿಡಿದಿತ್ತು.

ಮರುದಿನ ಹೊಸ ಜೋಡಿಯೊಂದು ಮನೆ ನೋಡಲು ಬರುವುದಿತ್ತು. ಬ್ರೋಕರ್ ಫೋನಿನಲ್ಲೇ ಪರಿಹಾರ ಹೇಳಿದರು: "ಒಂದು ಟ್ಯೂಬ್ ಸಿಲಿಕಾನ್ ಹೊಡೆಸಿ ಮಾರಾಯ್ರೆ. ಅವರಿಗೆಲ್ಲಿ ಗೊತ್ತಾಗ್ತದೆ? ಹಾಳಾದದ್ದಕ್ಕೆ ಹಳಬರ ಅಡ್ವಾನ್ಸಲ್ಲಿ ಹಿಡ್ಕೊಳ್ಳಿ."

ನಾನು ಸುಳ್ಳೇನೂ ಹೇಳುವುದಿಲ್ಲವಲ್ಲ, ಕೇಳಿದರೆ ಹೇಳಿದರಾಯಿತು ಎಂದುಕೊಂಡೆ. ಆದರೆ ಕಾಣದ್ದನ್ನು ಯಾರಾದರೂ ಕೇಳುವುದು ಹೇಗೆ?

ಕಾರ್ಕಳದಿಂದ ಬಂದ ಮೇಸ್ತ್ರಿ ಕ್ಯಾಬಿನೆಟ್ಟನ್ನು ಬೆರಳಲ್ಲಿ ತಟ್ಟಿ ನೋಡಿದರು. "ಒಳಗೆ ಪಸೆ ಉಂಟು ಸರ್. ಈಗ ಮುಚ್ಚಿದ್ರೆ ನೀರು ಹೊರಗೆ ಬರುವ ದಾರಿಯನ್ನೂ ಮುಚ್ಚಿದ ಹಾಗೆ."

ಅವರ ಲೆಕ್ಕ ಸರಳ. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗೋಡೆ ಹಾಗೆ ಅಲುಗುವುದಿಲ್ಲ. ನಡುವೆ ಸಿಮೆಂಟಿನಂಥ ಗಟ್ಟಿ ವಸ್ತು ತುಂಬಿದರೆ ಒಡೆಯಲೇಬೇಕು, ಎಳೆದರೆ ಹಿಗ್ಗುವ ಸಿಲಿಕಾನೇ ಸರಿ. ಆದರೆ ಮೊದಲು ಎಲ್ಲ ಒಣಗಬೇಕು. ಆಮೇಲೆ ಸಂದಿಯೊಳಗೆ ಫೋಮಿನ ಹಗ್ಗ ತೂರಿಸಿ, ಅದರ ಮೇಲೆ ಬೂಷ್ಟು ಹಿಡಿಯದ ಜಾತಿಯ ಸಿಲಿಕಾನ್ ಹಾಕಬೇಕು. ಒಂದು ದಿನ ನೀರು ಸೋಕಬಾರದು. ಕೊನೆಗೊಂದು ಮಾತು ಸೇರಿಸಿದರು: "ಕೆಳಗಿನ ಸಂದು ಮುಚ್ಚುವುದು ಬೇಡ. ನಾಳೆ ಪೈಪ್ ಲೀಕಾದ್ರೆ ಅಲ್ಲಿ ಗೊತ್ತಾಗ್ಬೇಕು."

ಕಾಪು ಕಡೆಯ ನಮ್ಮ ಹಳೇ ಮನೆಯ ಬಚ್ಚಲಲ್ಲಿ ಹಂಡೆ, ಚೆಂಬು ಬಿಟ್ಟರೆ ಬೇರೇನೂ ಇರಲಿಲ್ಲ. ನೀರು ಹರಿದು ಬಸಳೆ ಬುಡಕ್ಕೆ ಹೋಗುತ್ತಿತ್ತು. ಗೋಡೆಗೆ ಏನೂ ಅಂಟಿಸದಿದ್ದ ಕಾರಣ ಮುಚ್ಚಿಡಲು ಹಿಂಬದಿಯೇ ಇರಲಿಲ್ಲ. ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯೂ ಹಾಗೆಯೇ: ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು, ಎಲ್ಲ ಕಡೆಯೂ ಎದುರುಗಡೆಯೇ. ನಾವು ಹಾಗೆ ಬದುಕಲಿಕ್ಕೆ ಆಗುವುದಿಲ್ಲ. ಫ್ಲ್ಯಾಟಿಗೂ ಹಿಂಬದಿ ಉಂಟು, ಮನುಷ್ಯರಿಗೂ ಉಂಟು. ಸಂದು ಇರುವುದು ತಪ್ಪಲ್ಲ. ಆಫೀಸಿನಲ್ಲಿ ನಾವು ಬಗ್ ಇರುವ ಸಾಫ್ಟ್‌ವೇರನ್ನೇ ರಿಲೀಸ್ ಮಾಡುತ್ತೇವೆ, ಆದರೆ ಗೊತ್ತಿರುವ ಬಗ್ಗುಗಳ ಪಟ್ಟಿಯನ್ನು ಜೊತೆಗೆ ಕೊಡುತ್ತೇವೆ. ಅಲ್ಲಿಗೆ ಅದು ವಂಚನೆಯಾಗದೆ ಬರೀ ಕೊರತೆಯಾಗಿ ಉಳಿಯುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ, ತನಗೆ ಗೊತ್ತಿದ್ದು ಬಾಡಿಗೆದಾರನ ಸಾಮಾನ್ಯ ಕಣ್ಣಿಗೆ ಬೀಳದ ಮುಖ್ಯ ದೋಷವನ್ನು ಮಾಲೀಕ ತಾನಾಗಿ ತಿಳಿಸಬೇಕು. ಕೇಳಿದರೆ ಹೇಳುವೆನೆಂಬ ನನ್ನ ಜಾಣತನಕ್ಕೆ ಅಲ್ಲಿ ಜಾಗವಿಲ್ಲ.

ಆದರೆ ನನ್ನನ್ನು ತಡೆದದ್ದು ಸೆಕ್ಷನ್ ಅಲ್ಲ. ಬೆಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕಿದಾಗ ಇದ್ದ ಬಾಡಿಗೆ ಮನೆ ಬಿಡುವಾಗ, ಉಬ್ಬಿದ ಕ್ಯಾಬಿನೆಟ್ಟಿಗೆಂದು ನನ್ನ ಅಡ್ವಾನ್ಸಿನಲ್ಲಿ ಆರು ಸಾವಿರ ಹಿಡಿದಿದ್ದರು. ನಾನು ಬರುವ ಮೊದಲೇ ಆ ಗೋಡೆ ಒಳಗೊಳಗೇ ಸೋರುತ್ತಿತ್ತು. ಮುಚ್ಚಿಟ್ಟ ತಪ್ಪು ಎಲ್ಲಿಗೂ ಹೋಗುವುದಿಲ್ಲ, ಮುಂದಿನವರ ಲೆಕ್ಕಕ್ಕೆ ಬೀಳುತ್ತದೆ ಅಷ್ಟೆ.

ಹಳಬರಿಗೆ ಅಡ್ವಾನ್ಸ್ ಪೂರ್ತಿ ಕಳಿಸಿದೆ. ಬಂದ ಜೋಡಿಗೆ ಕ್ಯಾಬಿನೆಟ್ ಬಿಚ್ಚಿಟ್ಟು ಗೋಡೆ ತೋರಿಸಿದೆ. ಅವರು ನಗುತ್ತಲೇ ಹೋಗಿ ಬೇರೆ ಮನೆ ಹಿಡಿದರು. ಒಂದೂವರೆ ತಿಂಗಳ ಬಾಡಿಗೆ ಹೋಯಿತು. ಬ್ರೋಕರ್ ಇನ್ನೂ ಅದನ್ನೇ ಹೇಳಿ ನಗುತ್ತಾರೆ. ಬೇಸರವಾಗಲಿಲ್ಲ ಎಂದರೆ ಅದೂ ಸುಳ್ಳೇ.

ಆಮೇಲೆ ಬಂದವರು ಬಗ್ಗಿ ಕ್ಯಾಬಿನೆಟ್ಟಿನ ಅಡಿ ನೋಡಿ ಕೇಳಿದರು: "ಇಲ್ಲೊಂದು ಸಂದು ಬಿಟ್ಟುಹೋಗಿದೆಯಲ್ಲ ಸರ್?"

"ಬಿಟ್ಟುಹೋದದ್ದಲ್ಲ," ಎಂದೆ, "ಬಿಟ್ಟದ್ದು. ಲೀಕಾದರೆ ನಿಮಗೆ ಗೊತ್ತಾಗಲಿ ಅಂತ. ಗೊತ್ತಾದ ಕೂಡಲೇ ನನಗೊಂದು ಫೋನ್ ಮಾಡಿ."